356ರಲ್ಲಿ 255 ಪಂದ್ಯ ಎಲ್ಲಿ? ಪಾಲಿ ಫಾರ್ಮರ್ ಅವರ ದಾಖಲೆ ಕುರಿತು ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಆಯೋಗ,
ಮೆಲ್ಬರ್ನ್.

ಮಾನ್ಯರೇ,

ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ ಗ್ರಹಾಂ 'ಪಾಲಿ' ಫಾರ್ಮರ್ ಅವರ ಹೆಸರಿನ ಮುಂದೆ ನಿಮ್ಮ ಲೀಗಿನ ಲೆಕ್ಕ ಹೀಗಿದೆ: ಜೀಲಾಂಗ್ ಕ್ಲಬ್, 1962ರಿಂದ 1967, 101 ಪಂದ್ಯ, 65 ಗೋಲು. ಇದರಲ್ಲಿ ಒಂದಂಕಿಯೂ ತಪ್ಪಿಲ್ಲ. ಆದರೆ ಫಾರ್ಮರ್ ಮೊದಲ ಬಾರಿ ಹಿರಿಯರ ತಂಡದಲ್ಲಿ ಕಣಕ್ಕಿಳಿದದ್ದು 1953ರಲ್ಲಿ, ಬೂಟು ಕಳಚಿಟ್ಟದ್ದು 1971ರಲ್ಲಿ. ಈಸ್ಟ್ ಪರ್ತ್ ಪರ 176 ಪಂದ್ಯ, ಜೀಲಾಂಗ್ ಪರ 101, ವೆಸ್ಟ್ ಪರ್ತ್ ಪರ 79. ಒಟ್ಟು 356. ಇದಲ್ಲದೆ ರಾಜ್ಯ ತಂಡಗಳ ಪರ 36 ಪಂದ್ಯ: ಪಶ್ಚಿಮ ಆಸ್ಟ್ರೇಲಿಯಾಕ್ಕೆ 31, ವಿಕ್ಟೋರಿಯಾಕ್ಕೆ 5. ಹತ್ತೊಂಬತ್ತು ಋತುಗಳಲ್ಲಿ ಆರು ಮಾತ್ರ ನಿಮ್ಮ ಪಟ್ಟಿಗೆ ಬಂದಿವೆ. ಆರು ಪ್ರೀಮಿಯರ್‌ಶಿಪ್‌ಗಳಲ್ಲಿ, ಅಂದರೆ ಲೀಗ್ ಚಾಂಪಿಯನ್ ಪಟ್ಟಗಳಲ್ಲಿ, ಒಂದು ಮಾತ್ರ ಬಂದಿದೆ. ಉಳಿದ 255 ಕ್ಲಬ್ ಪಂದ್ಯಗಳನ್ನು ನಿಮ್ಮ ದಾಖಲೆಯೊಳಗೆ ಕರೆತರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

ಪತ್ರ ಕನ್ನಡದಲ್ಲಿರುವುದಕ್ಕೆ ಕಾರಣವಿದೆ. ಮೆಲ್ಬರ್ನ್, ಪರ್ತ್, ಅಡಿಲೇಡ್‌ಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಶನಿವಾರ ಬೆಳಿಗ್ಗೆ ಆಸ್‌ಕಿಕ್ ಎಂಬ ಮಕ್ಕಳ ತರಬೇತಿಯಲ್ಲಿ ಇದೇ ಚೆಂಡನ್ನು ಹಿಡಿದು ಓಡುತ್ತಾರೆ. ಅವರ ತಂದೆತಾಯಿಯರಿಗೆ ಕ್ರಿಕೆಟ್ಟಿನ ಅಂಕಿ-ಅಂಶ ಬಾಯಿಪಾಠ, ಈ ಆಟದ ಹಿನ್ನೆಲೆ ಹೊಸದು. ಈ ಆಟದ ಬಗ್ಗೆ ಮನೆಗೆ ಮೊದಲು ಬರುವ ಮಾಹಿತಿ ನಿಮ್ಮ ಲೀಗಿನದೇ ಆಗಿರುತ್ತದೆ. ಅದು ಅರ್ಧವಾಗಿದ್ದರೆ ಅವರಿಗೆ ತಿಳಿಯುವ ಇತಿಹಾಸವೂ ಅರ್ಧವೇ. ಆದ್ದರಿಂದ ನಿಮಗೆ ಗೊತ್ತಿರುವ ಕೆಲವು ಸಂಗತಿಗಳನ್ನೂ ಇಲ್ಲಿ ಬಿಡಿಸಿ ಹೇಳಿದ್ದೇವೆ. ಸಹಿಸಿಕೊಂಡು ಓದಬೇಕು.

ಇಂದಿನ ಓದುಗರು ಮೊದಲು ತಿಳಿಯಬೇಕಾದದ್ದು, ಫಾರ್ಮರ್ ಕಾಲದಲ್ಲಿ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ ಎಂಬುದನ್ನು. ವಿಕ್ಟೋರಿಯನ್ ಫುಟ್‌ಬಾಲ್ ಲೀಗಿನ, ಅಂದರೆ ವಿಎಫ್‌ಎಲ್‌ನ, ಮೊದಲ ಋತು 1897. ಫಾರ್ಮರ್ ಆಡುವಾಗ ಅದರಲ್ಲಿದ್ದದ್ದು 12 ಕ್ಲಬ್. ಹನ್ನೊಂದು ಮೆಲ್ಬರ್ನ್ ನಗರದವು, ಇನ್ನೊಂದು ಪಕ್ಕದ ಊರಾದ ಜೀಲಾಂಗ್. ದಕ್ಷಿಣ ಆಸ್ಟ್ರೇಲಿಯಾದ ಲೀಗ್ ಅದಕ್ಕೂ ಹಳೆಯದು, 1877ರದು. ಪಶ್ಚಿಮ ಆಸ್ಟ್ರೇಲಿಯಾದ್ದು 1885ರದು. ಮೂರೂ ಲೀಗುಗಳಿಗೆ ಅವುಗಳದೇ ಪ್ರೇಕ್ಷಕರು, ಅವುಗಳದೇ ಗ್ರ್ಯಾಂಡ್ ಫೈನಲ್, ಅವುಗಳದೇ ಶ್ರೇಷ್ಠ ಆಟಗಾರ ಪದಕ: ವಿಕ್ಟೋರಿಯಾದಲ್ಲಿ ಬ್ರೌನ್ಲೋ, ದಕ್ಷಿಣದಲ್ಲಿ ಮಗಾರಿ, ಪಶ್ಚಿಮದಲ್ಲಿ ಸ್ಯಾಂಡೋವರ್. ಪರ್ತ್‌ನಿಂದ ಮೆಲ್ಬರ್ನ್‌ಗೆ ಸುಮಾರು 2,700 ಕಿಲೋಮೀಟರ್. ನಡುವೆ ನಲ್ಲಾರ್ಬರ್‌ನ ಬಟ್ಟಬಯಲು. ವಿಎಫ್‌ಎಲ್ 1930ರಲ್ಲಿ ತಂದ ಕೋಲ್ಟರ್ ನಿಯಮ ಆಟಗಾರರ ಸಂಭಾವನೆಗೆ ದಶಕಗಳ ಕಾಲ ಮಿತಿ ಹಾಕಿತ್ತು. ಪರ್ತ್‌ನಲ್ಲಿ ಉದ್ಯೋಗ, ಮನೆ, ಹೆಸರು ಮೂರೂ ಇದ್ದವನಿಗೆ ಅಲ್ಲಿಗೆ ಹೋಗಿ ಹೆಚ್ಚು ಗಳಿಸುವ ದಾರಿಯೇ ಕಿರಿದಾಗಿತ್ತು. ಹೊರಟರೂ ತವರು ಕ್ಲಬ್ ಬಿಡುಗಡೆ ಪತ್ರ ಕೊಡಬೇಕಿತ್ತು. ಹೀಗಾಗಿ ಒಬ್ಬ ಆಟಗಾರ ತನ್ನ ರಾಜ್ಯದಲ್ಲೇ ಉಳಿದ ಎಂದರೆ ಅವನ ಯೋಗ್ಯತೆ ಕಡಿಮೆಯಿತ್ತು ಎಂದು ಅರ್ಥವಲ್ಲ.

1987ರಲ್ಲಿ ವೆಸ್ಟ್ ಕೋಸ್ಟ್ ಮತ್ತು ಬ್ರಿಸ್ಬೇನ್ ಕ್ಲಬ್‌ಗಳು ವಿಎಫ್‌ಎಲ್ ಸೇರಿದವು. 1990ರಲ್ಲಿ ಲೀಗಿನ ಹೆಸರು ಬದಲಾಗಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಆಯಿತು. ಸಮಸ್ಯೆ ಹುಟ್ಟಿದ್ದು ಇಲ್ಲಿ. ಹೆಸರಿನ ಜೊತೆಗೆ 1897ರಿಂದ ಬಂದ ಒಂದು ರಾಜ್ಯದ ಲೆಕ್ಕಪುಸ್ತಕವೂ ರಾಷ್ಟ್ರದ ಲೆಕ್ಕಪುಸ್ತಕವಾಗಿಬಿಟ್ಟಿತು. ಉಳಿದೆರಡು ರಾಜ್ಯಗಳ ಪುಸ್ತಕಗಳು ಅಲ್ಲಲ್ಲೇ ಉಳಿದವು. ಯಾರೋ ಕೂತು ಅನ್ಯಾಯ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಕಚೇರಿಯ ಫಲಕ ಬದಲಾಯಿತು, ಕಪಾಟು ಬದಲಾಗಲಿಲ್ಲ. ಆದರೆ ಮೂವತ್ತು ವರ್ಷ ಮೀರಿ ಕಪಾಟು ಹಾಗೇ ಇದ್ದರೆ ಅದನ್ನು ಮರೆವು ಎನ್ನಲಾಗದು.

ಕಪಾಟಿನ ಹೊರಗೆ ಉಳಿದದ್ದೇನು ಎಂಬುದನ್ನು ನೋಡೋಣ.

ಫಾರ್ಮರ್ ಹುಟ್ಟಿದ್ದು 1935ರ ಮಾರ್ಚ್ 10ರಂದು. ನೂಂಗಾರ್ ಮೂಲನಿವಾಸಿ ತಾಯಿಯ ಮಗ. ಬೆಳೆದದ್ದು ಪರ್ತ್‌ನ ಕ್ವೀನ್ಸ್ ಪಾರ್ಕಿನ ಸಿಸ್ಟರ್ ಕೇಟ್ಸ್ ಮಕ್ಕಳ ಆಶ್ರಮದಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಬಲಗಾಲಿಗಿಂತ ಗಿಡ್ಡವಾಯಿತು. ಗಿಣಿಯ ಹಾಗೆ ಮಾತಾಡುತ್ತಿದ್ದ ಹುಡುಗನಿಗೆ 'ಪಾಲಿ' ಎಂಬ ಹೆಸರು ಅಲ್ಲೇ ಅಂಟಿತು. ಈಸ್ಟ್ ಪರ್ತ್‌ನಲ್ಲಿ ಆಡಿದ ಒಂಬತ್ತು ಋತುಗಳಲ್ಲಿ ಏಳು ಸಲ ಕ್ಲಬ್ಬಿನ ಶ್ರೇಷ್ಠ ಆಟಗಾರ. ಜ್ಯಾಕ್ ಶೀಡಿ ಅವರ ಮಾರ್ಗದರ್ಶನದ ಆ ತಂಡ 1956, 1958, 1959ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದಿತು. 1956ರಲ್ಲಿ ಮತ್ತು 1960ರಲ್ಲಿ ಫಾರ್ಮರ್‌ಗೆ ಸ್ಯಾಂಡೋವರ್ ಪದಕ ಬಂತು. 1956ರಲ್ಲೇ ಪರ್ತ್‌ನಲ್ಲಿ ನಡೆದ ಅಂತರರಾಜ್ಯ ಕಾರ್ನಿವಲ್‌ನ, ಅಂದರೆ ರಾಜ್ಯ ತಂಡಗಳ ಪಂದ್ಯಾವಳಿಯ, ಶ್ರೇಷ್ಠ ಆಟಗಾರನಿಗೆ ಸಲ್ಲುವ ಟ್ಯಾಸಿ ಪದಕವೂ ಅವರದೇ. ಆ ಕಾರ್ನಿವಲ್‌ನಲ್ಲಿ ವಿಕ್ಟೋರಿಯಾದ ಆಟಗಾರರೂ ಇದ್ದರು. 1961ರಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಕಾರ್ನಿವಲ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಕ್ಟೋರಿಯಾವನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು, ಆ ತಂಡದ ರಕ್‌ಮನ್ ಫಾರ್ಮರ್. ಪಶ್ಚಿಮದ ಲೀಗಿನ ಮಟ್ಟ ಕೆಳಗಿತ್ತು ಎನ್ನುವವರು ಈ ಫಲಿತಾಂಶವನ್ನು ಎಲ್ಲಿ ಇಡುತ್ತಾರೆ?

ರಕ್‌ಮನ್ ಕೆಲಸವೇನು ಎಂಬುದನ್ನು ಕನ್ನಡದ ಓದುಗರಿಗೆ ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಫಾರ್ಮರ್ ಈ ಆಟದಲ್ಲಿ ಬದಲಾಯಿಸಿದ್ದು ಅಲ್ಲೇ ಇದೆ. ತಂಡಕ್ಕೆ 18 ಜನ, ಚೆಂಡು ಮೊಟ್ಟೆಯಾಕಾರ. ಮೈದಾನದ ನಡುವೆ ಅಂಪೈರ್ ಚೆಂಡನ್ನು ನೆಲಕ್ಕೆ ಬಡಿದು ನೇರ ಮೇಲಕ್ಕೆ ಚಿಮ್ಮಿಸುತ್ತಿದ್ದರು (ನಿಮ್ಮ ಲೀಗ್ 2026ರಿಂದ ಇದನ್ನು ಕೈಬಿಟ್ಟಿದೆ). ಎರಡೂ ತಂಡದ ರಕ್‌ಮನ್‌ಗಳು ಓಡಿಬಂದು ಹಾರುತ್ತಿದ್ದರು. ಮೇಲೆ ಚೆಂಡಿಗೆ ಯಾರ ಕೈ ತಾಗುತ್ತದೋ ಅವರು ಅದನ್ನು ಕೆಳಗೆ ಕಾದಿರುವ ರೋವರ್‌ಗೆ, ಅಂದರೆ ಚುರುಕು ಕಾಲಿನ ಗಿಡ್ಡ ಆಟಗಾರನಿಗೆ, ತಟ್ಟಿ ಕಳಿಸಬೇಕು. ಚೆಂಡು ಗೆರೆ ದಾಟಿ ಹೊರಹೋದಾಗಲೂ ಬೌಂಡರಿ ಅಂಪೈರ್ ಅದನ್ನು ಒಳಗೆ ಎಸೆಯುವಲ್ಲಿ ಇದೇ ಹಾರಾಟ. ಸಾಮಾನ್ಯ ರಕ್‌ಮನ್ ಚೆಂಡು ಮೇಲೆ ಹೋದದ್ದನ್ನು ನೋಡಿ ಹಾರುತ್ತಿದ್ದರು. ಫಾರ್ಮರ್ ಅರೆಗಳಿಗೆ ಮೊದಲೇ ಹಾರುತ್ತಿದ್ದರು. ಮೊದಲು ಮೇಲೇರಿದವನ ಮೈ ಎದುರಾಳಿಗಿಂತ ಮೇಲಿರುತ್ತದೆ. ಎದುರಾಳಿ ಏಳುವ ಹೊತ್ತಿಗೆ ಅವನ ಭುಜವೇ ಇವನಿಗೆ ಆಸರೆ. ಆದರೆ ಲೆಕ್ಕ ತಪ್ಪಿ ಚೆಂಡು ತಡವಾಗಿ ಬಂದರೆ ಬರಿಗೈಯಲ್ಲಿ ಕೆಳಗೆ ಬೀಳಬೇಕು, ಎದುರಾಳಿಗೆ ಚೆಂಡು ಬಿಟ್ಟುಕೊಟ್ಟ ಹಾಗೆ. ಅಂಪೈರ್‌ನ ಕೈ, ಚೆಂಡಿನ ಯಾವ ತುದಿ ನೆಲಕ್ಕೆ ಬಡಿಯಿತು, ಎತ್ತ ವಾಲಿತು ಎಂಬುದನ್ನೆಲ್ಲ ಆ ಒಂದು ಕ್ಷಣದಲ್ಲಿ ಓದಬೇಕು. ಅದೂ ಒಂದು ಕಾಲು ಗಿಡ್ಡವಿರುವ ಮನುಷ್ಯ.

ಇನ್ನು ಹ್ಯಾಂಡ್‌ಬಾಲ್. ಈ ಆಟದಲ್ಲಿ ಚೆಂಡನ್ನು ಎಸೆಯುವಂತಿಲ್ಲ. ಒಂದು ಅಂಗೈ ಮೇಲೆ ಚೆಂಡನ್ನು ನಿಲ್ಲಿಸಿ ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಚೆಂಡು ಹಿಡಿದ ಕೈ ಅದರ ಜೊತೆಗೇ ಮುಂದೆ ಹೋದರೆ ಎಸೆತವೆಂದು ಎದುರು ತಂಡಕ್ಕೆ ಫ್ರೀ ಕಿಕ್. ಗುದ್ದು ಕೆಳಗೆ ಬಿದ್ದರೆ ಚೆಂಡು ಮೆಲ್ಲಗೆ ಮೇಲೇರಿ, ಅದು ಇಳಿಯುವಷ್ಟರಲ್ಲಿ ಎದುರಾಳಿ ಅಲ್ಲಿರುತ್ತಾನೆ. ಹೀಗಾಗಿ ಆ ಕಾಲದಲ್ಲಿ ಬಹುಪಾಲು ಆಟಗಾರರಿಗೆ ಹ್ಯಾಂಡ್‌ಬಾಲ್ ಎಂದರೆ ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳುವ ಉಪಾಯ. ಬೇರೆ ದಾರಿಯಿದ್ದರೆ ಕಿಕ್ಕೇ. ಫಾರ್ಮರ್ ಅದನ್ನು ದಾಳಿಯ ಮೊದಲ ಹೆಜ್ಜೆಯಾಗಿ ಮಾಡಿದರು. ಹಾರಿ ಚೆಂಡನ್ನು ತಟ್ಟುವ ಬದಲು ಎರಡೂ ಕೈಯಲ್ಲಿ ಹಿಡಿದು, ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಓಡುತ್ತಿರುವ ಜೊತೆಗಾರನ ಮುಂದಕ್ಕೆ ಗುದ್ದಿಬಿಡುತ್ತಿದ್ದರು. ಗುರಿ ಜೊತೆಗಾರನ ಮೈಯಲ್ಲ, ಅವನು ಇನ್ನೆರಡು ಹೆಜ್ಜೆಯಲ್ಲಿ ತಲುಪುವ ಜಾಗ. ಹಾಗಾಗಿ ಚೆಂಡು ಪಡೆಯುವವನು ಓಟ ನಿಲ್ಲಿಸಬೇಕಿರಲಿಲ್ಲ. ಕಾರು ಮಾರಾಟದ ಅಂಗಳದಲ್ಲಿ ನಿಲ್ಲಿಸಿದ ಕಾರುಗಳ ಕಿಟಕಿಯ ಸಂದಿಯೊಳಗೆ ಚೆಂಡು ತೂರಿಸಿ ಅಭ್ಯಾಸ ಮಾಡುತ್ತಿದ್ದರು ಎಂಬುದು ಈ ಆಟ ಬಲ್ಲವರೆಲ್ಲ ಹೇಳುವ ಮಾತು. ಇಂದು ನಿಮ್ಮ ಲೀಗಿನ ಯಾವ ಪಂದ್ಯ ನೋಡಿದರೂ ಕಾಣುವ ಸರಪಳಿ ಹ್ಯಾಂಡ್‌ಬಾಲ್‌ಗಳ ಬೇರು ಈ ಅಭ್ಯಾಸದಲ್ಲಿದೆ. ಗಮನಿಸಿ, ಈ ಕಲೆ ಪಕ್ವವಾದದ್ದು ಈಸ್ಟ್ ಪರ್ತ್‌ನ 176 ಪಂದ್ಯಗಳಲ್ಲಿ, ಅಂದರೆ ನಿಮ್ಮ ಪುಸ್ತಕದಲ್ಲಿ ಇಲ್ಲದ ಪಂದ್ಯಗಳಲ್ಲಿ. ಜೀಲಾಂಗ್ ಕರೆಸಿಕೊಂಡದ್ದು 27 ವರ್ಷದ ಮಾಗಿದ ಆಟಗಾರನನ್ನು.

ಜೀಲಾಂಗ್ ವರ್ಷಗಳ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. 1962ರ ಮೊದಲ ಪಂದ್ಯದಲ್ಲೇ, ಕಾರ್ಲ್ಟನ್ ವಿರುದ್ಧ, ಮೊಣಕಾಲಿಗೆ ಪೆಟ್ಟಾಗಿ ಆ ಋತು ಹೆಚ್ಚುಕಡಿಮೆ ಕೈಬಿಟ್ಟುಹೋಯಿತು. 1963ರಲ್ಲಿ ಬಾಬ್ ಡೇವಿಸ್ ತರಬೇತಿಯ ಜೀಲಾಂಗ್ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ತಂಡವನ್ನು 49 ಅಂಕಗಳಿಂದ ಮಣಿಸಿತು. ಸ್ಕೋರ್ 15.19 ಎಂದರೆ 109, ಎದುರು ತಂಡದ್ದು 8.12 ಎಂದರೆ 60. ಚುಕ್ಕೆಯ ಎಡಕ್ಕಿರುವುದು ಗೋಲು, ಒಂದಕ್ಕೆ 6 ಅಂಕ. ಬಲಕ್ಕಿರುವುದು ಬಿಹೈಂಡ್, ಒಂದಕ್ಕೆ 1 ಅಂಕ. ಫಾರ್ಮರ್ ಮತ್ತು ರೋವರ್ ಬಿಲ್ಲಿ ಗಾಗಿನ್ ಅವರ ಜೋಡಿ ಅಲ್ಲಿ ಮನೆಮಾತು. 1963, 1964 ಎರಡೂ ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರ, 1965ರಿಂದ 1967ರವರೆಗೆ ನಾಯಕ. 1967ರ ಗ್ರ್ಯಾಂಡ್ ಫೈನಲ್‌ನಲ್ಲಿ ರಿಚ್ಮಂಡ್ ಎದುರು 9 ಅಂಕಗಳ ಸೋಲು. ನಿಮ್ಮ ಪುಸ್ತಕ ಅಲ್ಲಿಗೆ ಮುಚ್ಚುತ್ತದೆ.

ಫಾರ್ಮರ್ ಆಟ ಮುಚ್ಚಲಿಲ್ಲ. ಪರ್ತ್‌ಗೆ ಮರಳಿ ವೆಸ್ಟ್ ಪರ್ತ್‌ನ ನಾಯಕ ಮತ್ತು ಕೋಚ್ ಎರಡೂ ಆದರು. 1969ರ ಗ್ರ್ಯಾಂಡ್ ಫೈನಲ್‌ನಲ್ಲಿ ತಮ್ಮ ಹಳೆಯ ಕ್ಲಬ್ ಈಸ್ಟ್ ಪರ್ತ್ ವಿರುದ್ಧ 73 ಅಂಕಗಳ ಗೆಲುವು, 1971ರಲ್ಲಿ ಅದೇ ತಂಡದ ವಿರುದ್ಧ 32 ಅಂಕಗಳ ಗೆಲುವು. ಆಗ ಅವರ ವಯಸ್ಸು 36. ಆಡುತ್ತಲೇ ಒಂದು ತಂಡವನ್ನು ಕಟ್ಟಿ ನಾಲ್ಕು ವರ್ಷದಲ್ಲಿ ಎರಡು ಪ್ರೀಮಿಯರ್‌ಶಿಪ್ ತಂದವರು ಇವರು. ನಿಮ್ಮ ಪಟ್ಟಿ ಮಾತ್ರ ನೋಡಿದ ಹುಡುಗನಿಗೆ 32ನೇ ವಯಸ್ಸಿಗೆ ಆಟ ಬಿಟ್ಟವರಂತೆ ಕಾಣುತ್ತಾರೆ.

ಮಾನ್ಯರೇ, ನಿಮ್ಮ ಹಾಲ್ ಆಫ್ ಫೇಮ್ ಈ ಮಾತನ್ನು ಒಪ್ಪಿಯಾಗಿದೆ. 1996ರಲ್ಲಿ ಮೊದಲ 12 ಲೆಜೆಂಡ್‌ಗಳಲ್ಲಿ ಫಾರ್ಮರ್ ಒಬ್ಬರು. ಅದೇ ವರ್ಷ ಶತಮಾನದ ತಂಡದ ರಕ್‌ಮನ್ ಕೂಡ ಅವರೇ. 2005ರಲ್ಲಿ ಮೂಲನಿವಾಸಿಗಳ ಶತಮಾನದ ತಂಡಕ್ಕೆ ಅವರನ್ನೇ ನಾಯಕರನ್ನಾಗಿ ಹೆಸರಿಸಲಾಯಿತು. ಹಾಲ್ ಆಫ್ ಫೇಮ್‌ನ ಹೆಸರಿನಲ್ಲಿರುವುದು ಲೀಗ್ ಅಲ್ಲ, ಆಸ್ಟ್ರೇಲಿಯನ್ ಫುಟ್‌ಬಾಲ್. ಅದಕ್ಕೇ 2001ರಲ್ಲಿ ವಿಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದ ದಕ್ಷಿಣ ಆಸ್ಟ್ರೇಲಿಯಾದ ಬ್ಯಾರಿ ರಾಬ್ರನ್ ಅವರನ್ನು ಲೆಜೆಂಡ್ ಪಟ್ಟಕ್ಕೇರಿಸಿದಿರಿ. ಸರಿಯಾದ ಕೆಲಸ. ಆದರೆ ಗೌರವ ಕೊಡುವ ಕೋಣೆಯಲ್ಲಿ ಇಡೀ ದೇಶ, ಲೆಕ್ಕ ಬರೆಯುವ ಕೋಣೆಯಲ್ಲಿ ಒಂದು ರಾಜ್ಯ ಎಂಬ ಈ ವ್ಯವಸ್ಥೆ ಎಷ್ಟು ದಿನ?

ಲೆಕ್ಕದ ಕೋಣೆಯಿಂದ ಆಗುವ ಹಾನಿ ಫಾರ್ಮರ್ ಒಬ್ಬರಿಗೇ ಅಲ್ಲ. ಒಂದು ಋತುವಿನಲ್ಲಿ ಅತಿ ಹೆಚ್ಚು ಗೋಲು ಎಷ್ಟು ಎಂದು ಕೇಳಿದರೆ ಬರುವ ಉತ್ತರ 150. ಬಾಬ್ ಪ್ರ್ಯಾಟ್ 1934ರಲ್ಲಿ, ಪೀಟರ್ ಹಡ್ಸನ್ 1971ರಲ್ಲಿ. ಆದರೆ 1953ರಲ್ಲಿ ಸೌತ್ ಫ್ರೀಮ್ಯಾಂಟಲ್‌ನ ಬರ್ನಿ ನೇಲರ್ ಹೊಡೆದದ್ದು 167. ವೃತ್ತಿಜೀವನದ ಗೋಲುಗಳಲ್ಲಿ ಮೊದಲ ಹೆಸರು 1360 ಗೋಲಿನ ಟೋನಿ ಲಾಕೆಟ್. ಆದರೆ ನಾರ್ತ್ ಅಡಿಲೇಡ್‌ನ ಕೆನ್ ಫಾರ್ಮರ್ 224 ಪಂದ್ಯಗಳಲ್ಲಿ 1417 ಗೋಲು ಹೊಡೆದಿದ್ದಾರೆ (ಪಾಲಿ ಫಾರ್ಮರ್‌ಗೂ ಇವರಿಗೂ ಹೆಸರೊಂದೇ, ನೆಂಟಸ್ತಿಕೆಯಿಲ್ಲ). ಲಾಕೆಟ್, ಪ್ರ್ಯಾಟ್, ಹಡ್ಸನ್ ಅವರ ಸಾಧನೆ ಇದರಿಂದ ಕುಗ್ಗುವುದಿಲ್ಲ. 'ವಿಎಫ್‌ಎಲ್-ಎಎಫ್‌ಎಲ್ ದಾಖಲೆ' ಎಂದು ಬರೆದರೆ ಎಲ್ಲವೂ ಸರಿ. 'ಆಟದ ದಾಖಲೆ' ಎಂದಾಗ ತಪ್ಪಾಗುತ್ತದೆ. ಪ್ರಸಾರದಲ್ಲೂ ಪತ್ರಿಕೆಯಲ್ಲೂ ಈ ಎರಡು ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಬಳಸುತ್ತಾರೆ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಪೂರ್ವಕ್ಕೆ ಹೋಗದೆ ಉಳಿದವರಿಗೆ ನಿಮ್ಮ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಫಾರ್ಮರ್ ಬೆಳೆದ ಅದೇ ಸಿಸ್ಟರ್ ಕೇಟ್ಸ್ ಆಶ್ರಮದಲ್ಲಿ ಬೆಳೆದು, ಅದೇ ಈಸ್ಟ್ ಪರ್ತ್‌ಗೆ ಆಡಿ, 1958ರ ಸ್ಯಾಂಡೋವರ್ ಪದಕ ಗೆದ್ದ ಟೆಡ್ ಕಿಲ್ಮರ್ರಿ ಇದ್ದರು. ಮೂರು ಸಲ, 1948, 1953, 1954ರಲ್ಲಿ, ಸ್ಯಾಂಡೋವರ್ ಗೆದ್ದ ಮರ್ವ್ ಮೆಕಿಂಟಾಷ್ ಇದ್ದರು. ಫಾರ್ಮರ್‌ಗೆ 101 ಎಂಬ ತುಂಡಾದರೂ ಸಿಕ್ಕಿದೆ, ಇವರ ಪಾಲಿಗೆ ಸೊನ್ನೆ. ಮೂಲನಿವಾಸಿ ಆಟಗಾರರಿಗೆ ನೀವು ಪ್ರತಿ ವರ್ಷ ವಿಶೇಷ ಸುತ್ತಿನ ಪಂದ್ಯಗಳನ್ನು ಅರ್ಪಿಸುತ್ತೀರಿ. ಆ ಪಂದ್ಯಗಳಲ್ಲಿ ಸ್ಮರಿಸುವ ಹಿರಿಯರ ಆಟ ಬಹುಮಟ್ಟಿಗೆ ನಡೆದದ್ದು ಎಲ್ಲಿ ಎಂದು ಒಮ್ಮೆ ನೋಡಿ.

'ಮೂರು ಲೀಗಿನ ಮಟ್ಟ ಒಂದೇ ಆಗಿರಲಿಲ್ಲ, ಕೂಡಿಸಲಾಗದು' ಎಂಬ ಆಕ್ಷೇಪ ನಮಗೆ ಗೊತ್ತು. ಮೂರನ್ನೂ ಬೆರೆಸಿ ಒಂದೇ ಅಂಕಿ ಮಾತ್ರ ಉಳಿಸಿ ಎಂದು ನಾವು ಕೇಳುತ್ತಿಲ್ಲ. ಒಂದೇ ಪುಟದಲ್ಲಿ ಬೇರೆ ಬೇರೆ ಕಾಲಂ, ಕೊನೆಗೆ ಒಟ್ಟು ಎನ್ನುತ್ತಿದ್ದೇವೆ. ಕ್ರಿಕೆಟ್ಟಿನಲ್ಲಿ ಇದು ಯಾವಾಗಲೋ ಇತ್ಯರ್ಥವಾದ ವಿಷಯ. ನಮ್ಮ ಬಿ.ಎಸ್. ಚಂದ್ರಶೇಖರ್ ಅವರನ್ನೇ ತೆಗೆದುಕೊಳ್ಳಿ. ಫಾರ್ಮರ್‌ಗೆ ಪೋಲಿಯೊ ಎಡಗಾಲಿಗೆ ಬಂದರೆ ಇವರಿಗೆ ಬಲಗೈಗೆ ಬಂತು, ಅದೇ ಕೈಯಲ್ಲಿ ಲೆಗ್‌ಬ್ರೇಕ್, ಗೂಗ್ಲಿ ಹಾಕಿದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಅದರ ಪಕ್ಕದ ಕಾಲಂನಲ್ಲೇ ಪ್ರಥಮ ದರ್ಜೆಯಲ್ಲಿ ಒಟ್ಟು 1063 ವಿಕೆಟ್. ಮೊದಲು ಮೈಸೂರು, ಆಮೇಲೆ ಕರ್ನಾಟಕ ಎಂಬ ಹೆಸರಿನಲ್ಲಿ ರಣಜಿ ಆಡಿದ ವರ್ಷಗಳೂ ಅದರೊಳಗಿವೆ. ರಣಜಿ ವಿಕೆಟ್ಟನ್ನು ಟೆಸ್ಟ್ ವಿಕೆಟ್ ಎಂದು ಯಾರೂ ಎಣಿಸಲಿಲ್ಲ. ಹಾಗೆಂದು ಅವು ಬೀಳಲೇ ಇಲ್ಲ ಎಂದೂ ಯಾರೂ ಬರೆಯಲಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಪಕ್ಕದ ಟೀ ಅಂಗಡಿಯಲ್ಲಿ ನಿಂತವರಿಗೂ ಈ ಎರಡು ಕಾಲಂಗಳ ವ್ಯತ್ಯಾಸ ಗೊತ್ತು. ನಿಮ್ಮ ಪ್ರೇಕ್ಷಕರಿಗೆ ಗೊಂದಲವಾದೀತು ಎಂಬ ಭಯ ಬೇಡ.

ಹಳೆಯ ದಾಖಲೆ ಮುಟ್ಟಬಾರದು ಎಂಬ ಇನ್ನೊಂದು ಮಾತಿಗೆ ಉತ್ತರ ಫಾರ್ಮರ್ ಅವರ ಬದುಕಿನಲ್ಲೇ ಇದೆ. 1957ರ ಸ್ಯಾಂಡೋವರ್‌ನಲ್ಲಿ ಅವರೂ ಈಸ್ಟ್ ಫ್ರೀಮ್ಯಾಂಟಲ್‌ನ ಜ್ಯಾಕ್ ಕ್ಲಾರ್ಕ್ ಅವರೂ ಸಮ ಮತ ಪಡೆದರು. ಆಗಿನ ನಿಯಮದಂತೆ ಕೌಂಟ್‌ಬ್ಯಾಕ್ ಮಾಡಿ, ಅಂದರೆ ಮತಗಳನ್ನು ಮತ್ತೊಮ್ಮೆ ತೂಗಿ ನೋಡಿ, ಪದಕವನ್ನು ಕ್ಲಾರ್ಕ್‌ಗೆ ಕೊಟ್ಟರು. ವಿಎಫ್‌ಎಲ್ 1989ರಲ್ಲಿ ತನ್ನ ಬ್ರೌನ್ಲೋ ಪದಕದಲ್ಲಿ ಹೀಗೆ ತಪ್ಪಿಸಿಕೊಂಡವರಿಗೆ ಹಿಂದಿನ ವರ್ಷಗಳಿಂದ ಅನ್ವಯಿಸಿ ಪದಕ ಕೊಟ್ಟಿತು. ಪಶ್ಚಿಮ ಆಸ್ಟ್ರೇಲಿಯಾ 1997ರಲ್ಲಿ ಅದನ್ನೇ ಮಾಡಿತು. ನಲವತ್ತು ವರ್ಷದ ಬಳಿಕ ಫಾರ್ಮರ್‌ಗೆ ಮೂರನೇ ಸ್ಯಾಂಡೋವರ್ ಬಂತು. ಕ್ಲಾರ್ಕ್ ಅವರ ಪದಕಕ್ಕೇನೂ ಆಗಲಿಲ್ಲ.

ಈಗ ಹೇಳುವ ಕಾರಣವನ್ನು ದಯವಿಟ್ಟು ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸಿ. ಫಾರ್ಮರ್ 2019ರ ಆಗಸ್ಟ್ 14ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರಿಗೆ ಆಲ್ಜೈಮರ್ ಕಾಯಿಲೆ ಇತ್ತು. ಮೆದುಳನ್ನು ಪರೀಕ್ಷಿಸಿದ ವೈದ್ಯರು 2020ರಲ್ಲಿ ಅದರಲ್ಲಿ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ ಇದೆಯೆಂದು ವರದಿ ಮಾಡಿದರು. ನಿಮ್ಮ ಲೀಗಿನ ಆಟಗಾರನಲ್ಲಿ ಈ ಕಾಯಿಲೆ ದೃಢಪಟ್ಟದ್ದು ಅದೇ ಮೊದಲು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿಗೆ ನಂಟಿರುವ ಕಾಯಿಲೆ ಇದು, ಸತ್ತ ಮೇಲೆ ಮೆದುಳಿನ ಅಂಗಾಂಶ ನೋಡಿ ಮಾತ್ರ ಖಚಿತವಾಗಿ ಹೇಳಬಹುದು. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟುಗಳಷ್ಟೇ ಅಲ್ಲ, ಲೆಕ್ಕಕ್ಕೆ ಬಾರದ ಸಣ್ಣ ಪೆಟ್ಟುಗಳೂ ವರ್ಷವರ್ಷ ಸೇರುತ್ತ ಹೋಗುತ್ತವೆ. ಹಾಗಾಗಿ ಸಂಶೋಧಕರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು: ಈ ಆಟಗಾರ ಎಷ್ಟು ವರ್ಷ, ಎಷ್ಟು ಪಂದ್ಯ ಆಡಿದ? ನಿಮ್ಮ ಪಟ್ಟಿ ಹೇಳುವುದು 6 ಋತು, 101 ಪಂದ್ಯ. ನಿಜ ಇರುವುದು 19 ಋತು, ರಾಜ್ಯದ ಪಂದ್ಯಗಳನ್ನೂ ಸೇರಿಸಿ 392 ಪಂದ್ಯ. ಒಂದೊಂದು ಪಂದ್ಯದಲ್ಲೂ ಪ್ರತಿ ಬೌನ್ಸ್‌ಗೆ, ಪ್ರತಿ ಥ್ರೋ-ಇನ್‌ಗೆ ಓಡಿಬಂದು ಎದುರಾಳಿಯ ಮೈಗೆ ಮೈ ಡಿಕ್ಕಿ ಹೊಡೆಯುವುದೇ ರಕ್‌ಮನ್‌ನ ಕೆಲಸವಾಗಿತ್ತು. ಅಂದು ಇಂಟರ್‌ಚೇಂಜ್ ಇರಲಿಲ್ಲ, ಅದು ಬಂದದ್ದು 1978ರಲ್ಲಿ. ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿರಲಿಲ್ಲ. ಆದ್ದರಿಂದ ಪೆಟ್ಟು ಬಿದ್ದವರು ಫಾರ್ವರ್ಡ್ ಪಾಕೆಟ್‌ನಲ್ಲಿ, ಅಂದರೆ ಎದುರಾಳಿ ಗೋಲಿನ ಪಕ್ಕದ ಮೂಲೆಯಲ್ಲಿ, ನಿಂತು ಸುಧಾರಿಸಿಕೊಂಡು ಮುಂದುವರಿಯುತ್ತಿದ್ದರು. ಇವತ್ತು ನೀವು ತಲೆಪೆಟ್ಟಿನ ನಿಯಮಗಳನ್ನು ಬಿಗಿ ಮಾಡುತ್ತಿದ್ದೀರಿ, ಸ್ವಾಗತ. ಆದರೆ ಹಳೆಯ ಆಟಗಾರರು ಅನುಭವಿಸಿದ ಪೆಟ್ಟಿನ ಮುಕ್ಕಾಲು ಪಾಲು ಲೆಕ್ಕದ ಹೊರಗಿದ್ದರೆ, ಅವರ ಕುಟುಂಬಗಳಿಗೆ ಉತ್ತರ ಕೊಡುವುದು ಯಾವ ಅಂಕಿಯ ಮೇಲೆ?

ಕೆಲಸ ಹೇಗೆ ನಡೆಯಬೇಕು ಎಂಬುದನ್ನೂ ಹೇಳಿಬಿಡುತ್ತೇವೆ, ಬರೀ ದೂರು ಬರೆದು ಕೈತೊಳೆದುಕೊಳ್ಳುವುದು ನಮಗೆ ಬೇಡ. ಇಲ್ಲದ ಅಂಕಿಗಳನ್ನು ಸೃಷ್ಟಿಸಲು ಹೋಗಬೇಡಿ. ವಿಎಫ್‌ಎಲ್‌ನಲ್ಲೇ ಕಿಕ್, ಹ್ಯಾಂಡ್‌ಬಾಲ್‌ಗಳ ಎಣಿಕೆ ಕ್ರಮವಾಗಿ ಸಿಗುವುದು 1965ರಿಂದ ಈಚೆಗೆ. 1950ರ ದಶಕದ ಪರ್ತ್‌ನಿಂದ ಅದನ್ನು ನಿರೀಕ್ಷಿಸಲಾಗದು. ಪಂದ್ಯ, ಗೋಲು, ಪದಕ, ನಾಯಕತ್ವ, ಗ್ರ್ಯಾಂಡ್ ಫೈನಲ್ ಇಷ್ಟೇ ಸಾಕು. 1954ರವರೆಗಿನ ಪತ್ರಿಕೆಗಳು ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಸಂಗ್ರಹದಲ್ಲಿ ಹುಡುಕಿದರೆ ಸಿಗುತ್ತವೆ. ಅಂದರೆ ಫಾರ್ಮರ್ ಅವರ ಮೊದಲ ಎರಡು ಋತು ಕೂತಲ್ಲೇ ಪರಿಶೀಲಿಸಬಹುದು. ಆಮೇಲಿನದಕ್ಕೆ ಪರ್ತ್‌ನ ರಾಜ್ಯ ಗ್ರಂಥಾಲಯದ ಮೈಕ್ರೋಫಿಲ್ಮ್ ತಿರುಗಿಸಬೇಕು. ಪಂದ್ಯದ ದಿನ ಮಾರುತ್ತಿದ್ದ 'ಫುಟ್‌ಬಾಲ್ ಬಜೆಟ್' ಪುಸ್ತಿಕೆಯಲ್ಲಿ ತಂಡಗಳ ಪಟ್ಟಿ ಇರುತ್ತದೆ. ಆದರೆ ಅದನ್ನೊಂದನ್ನೇ ನಂಬುವಂತಿಲ್ಲ. ಅಚ್ಚಾದ ಮೇಲೆ ಗಾಯಗೊಂಡು ಹಿಂದೆ ಸರಿದವರ ಹೆಸರು ಅದರಲ್ಲಿ ಉಳಿದಿರುತ್ತದೆ, ಕೊನೆ ಗಳಿಗೆಯಲ್ಲಿ ಬಂದವರದ್ದು ಇರುವುದಿಲ್ಲ. ಸೋಮವಾರದ ಪತ್ರಿಕೆಯ ವರದಿ ಜೊತೆಗಿಟ್ಟು ತಾಳೆ ನೋಡಬೇಕು. ಮೀಸಲು ಆಟಗಾರನಾಗಿ ಹೆಸರಿದ್ದೂ ಮೈದಾನಕ್ಕಿಳಿಯದವರನ್ನು ಪಂದ್ಯ ಆಡಿದವರೆಂದು ಎಣಿಸಬೇಕೇ ಎಂಬುದಕ್ಕೆ ಮೂರೂ ರಾಜ್ಯಕ್ಕೆ ಒಂದೇ ನಿಯಮ ಇಟ್ಟುಕೊಳ್ಳಬೇಕು. ಇಲ್ಲವಾದರೆ ಒಟ್ಟು ಮೊತ್ತದಲ್ಲಿ ಮೂರು ಬಗೆಯ ಎಣಿಕೆ ಬೆರೆತುಹೋಗುತ್ತದೆ. ರಾತ್ರಿ ಸರಣಿಯ ಪಂದ್ಯ ಮತ್ತು ರಾಜ್ಯ ಪಂದ್ಯಗಳು ಬೇರೆ ಕಾಲಂನಲ್ಲೇ ಇರಲಿ. ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಲೀಗುಗಳಲ್ಲಿ ದಶಕಗಳಿಂದ ಈ ಲೆಕ್ಕ ಕಾಪಾಡಿಕೊಂಡು ಬಂದವರಿದ್ದಾರೆ. ಅವರನ್ನು ಸಲಹೆಗಾರರೆಂದು ಕರೆದು ಬದಿಗೆ ಕೂರಿಸದೆ, ನಿರ್ಧಾರ ಮಾಡುವ ಮೇಜಿನ ಮುಂದೆಯೇ ಕೂರಿಸಿ.

ಹೀಗಾಗಿ ನಮ್ಮ ಮನವಿ ಇಷ್ಟು. ನಿಮ್ಮ ಅಧಿಕೃತ ಆಟಗಾರರ ಪುಟಗಳಲ್ಲಿ ಮೂರೂ ಲೀಗುಗಳ ಮತ್ತು ರಾಜ್ಯ ಪಂದ್ಯಗಳ ಕಾಲಂ ಅಕ್ಕಪಕ್ಕ ಬರಲಿ, ಕೊನೆಯಲ್ಲಿ ಒಟ್ಟು ಮೊತ್ತ ಇರಲಿ. ದಾಖಲೆ ಪಟ್ಟಿಗಳ ತಲೆಬರಹದಲ್ಲಿ ಯಾವ ಲೀಗಿನ ದಾಖಲೆ ಎಂಬುದು ಸ್ಪಷ್ಟವಾಗಿರಲಿ. ಪ್ರಸಾರಕರಿಗೆ ಕೊಡುವ ಮಾಹಿತಿಯಲ್ಲೂ ಅದೇ ಪದ ಬಳಕೆಯಾಗಲಿ. ವಿಎಫ್‌ಎಲ್ ಆಡದ ಕಿಲ್ಮರ್ರಿ, ಮೆಕಿಂಟಾಷ್, ನೇಲರ್, ಕೆನ್ ಫಾರ್ಮರ್ ಅವರಂಥವರಿಗೆ ಮೊದಲ ಬಾರಿ ಒಂದು ಪುಟ ತೆರೆಯಲಿ. ಇದೆಲ್ಲ ಒಮ್ಮೆಗೇ ಆಗುವ ಕೆಲಸವಲ್ಲ ಎಂದು ಬಲ್ಲೆವು. ಹಾಲ್ ಆಫ್ ಫೇಮ್‌ನಲ್ಲಿರುವವರಿಂದ ಶುರು ಮಾಡಿ, ಅವರು ಕೆಲವು ನೂರು ಜನ ಮಾತ್ರ. ಪಾಲಿ ಫಾರ್ಮರ್ ಹುಟ್ಟಿ ನೂರು ವರ್ಷ ತುಂಬುವುದು 2035ರ ಮಾರ್ಚ್ 10ರಂದು. ಮೂರೂ ರಾಜ್ಯಗಳ ಕೆಲಸ ಅಷ್ಟರೊಳಗೆ ಮುಗಿಯಲಿ.

ಅವರದೊಂದು ಪುಟಕ್ಕೆ ಮಾತ್ರ ಅಲ್ಲಿಯವರೆಗೆ ಕಾಯಬೇಕಿಲ್ಲ, ಈ ವಾರವೇ ತಿದ್ದಬಹುದು. ಬರೆಯಬೇಕಾದದ್ದು ಮೂರು ಸಾಲು: ಈಸ್ಟ್ ಪರ್ತ್ 176, ಜೀಲಾಂಗ್ 101, ವೆಸ್ಟ್ ಪರ್ತ್ 79.

ಗೌರವಪೂರ್ವಕ ವಂದನೆಗಳೊಂದಿಗೆ,

ಆಸ್ಟ್ರೇಲಿಯನ್ ಫುಟ್‌ಬಾಲ್ ಅನುಸರಿಸುವ ಕನ್ನಡಿಗರು